ನೆಲ ಬಿಟ್ಟವರ ಅಳತೆ

ಮೂರು ತಲೆಮಾರಿನಿಂದ ನಮ್ಮ ಮನೆಗೆ ಅನ್ನ ಬಂದಿರುವುದು ಬಡವರ ಪಾದದ ಕೆಳಗಿನಿಂದ. ಮಾತಿನ ಚಂದಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಅಲ್ಲಿಂದಲೇ. ಅವರ ಅಂಗಾಲಿಗೂ ನೆಲಕ್ಕೂ ನಡುವೆ ಖಾಲಿ ಜಾಗ ಇರುತ್ತದಲ್ಲ, ಅದೇ ನಮ್ಮ ಹೊಲ, ಅದೇ ನಮ್ಮ ಗದ್ದೆ. ನಮ್ಮಜ್ಜ ಆ ಜಾಗಕ್ಕೆ ಕೈಮುಗಿದು ಬದುಕಿದ. ಅಪ್ಪ ಅದನ್ನು ಮುಚ್ಚಿಸಿ ಬದುಕಿದ. ನಾನು ಅಳೆದು ಬದುಕುತ್ತಿದ್ದೇನೆ. ನನ್ನ ನಿಜವಾದ ಹೆಸರು ಊರಿನಲ್ಲಿ ಯಾರಿಗೂ ನೆನಪಿಲ್ಲ. ಗೇಣಪ್ಪನ ಮನೆ ಯಾವುದು ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ.

ಹೊರಗಿನಿಂದ ಬಂದವರಿಗೆ ಇಷ್ಟು ಹೇಳಿದರೆ ಸಾಕು. ನಮ್ಮ ಊರಿನಲ್ಲಿ ಹೊಟ್ಟೆಯಲ್ಲೂ ಏನಿಲ್ಲ, ಮನೆಯಲ್ಲೂ ಏನಿಲ್ಲ ಎಂಬಲ್ಲಿಗೆ ಬಂದು ಮುಟ್ಟಿದವರ ಕಾಲು ನೆಲ ಬಿಡುತ್ತದೆ. ಎರಡು ದಿನ ಒಲೆ ಉರಿಯದಿದ್ದರೆ ಎರಡು ಬೆರಳು ಮೇಲೆ. ನಾಲ್ಕು ದಿನಕ್ಕೆ ನಾಲ್ಕು ಬೆರಳು. ಒಂದು ವಾರ ದಾಟಿತೋ, ಗೇಣುದ್ದ. ಅಲ್ಲಿಂದ ಮುಂದೆ ಅಂಕೆ ಇಲ್ಲ, ಹಿಡಿದುಕೊಳ್ಳಲು ಏನಾದರೂ ಸಿಕ್ಕರೆ ಉಳಿದ, ಇಲ್ಲದಿದ್ದರೆ ಹೋದ. ದಿನವೂ ಅರೆಹೊಟ್ಟೆ ಉಣ್ಣುವವರು ಮೂರು ನಾಲ್ಕು ಬೆರಳಿನಲ್ಲೇ ನಿಲ್ಲುತ್ತಾರೆ. ಹೊಟ್ಟೆ ತುಂಬ ಒಂದು ಊಟ ಬಿದ್ದರೆ ಥಟ್ಟನೆ ಕೆಳಗಿಳಿಯುತ್ತಾರೆ, ಆದರೆ ಆ ಊಟ ಮೈಯಲ್ಲಿ ಎರಡು ದಿನ ನಿಲ್ಲುತ್ತದೆ, ಅಷ್ಟೇ. ಉಳ್ಳವರು ಉಪವಾಸ ಮಾಡಿದರೆ ಇದು ದಕ್ಕುವುದಿಲ್ಲ. ಹಿಂದೆ ಗಾಣದ ಯಜಮಾನರೊಬ್ಬರು ತಾವೂ ಒಂದು ಸಲ ಮೇಲೇಳಬೇಕೆಂದು ಹಟ ಹಿಡಿದು ಒಂಬತ್ತು ದಿನ ಬರೀ ನೀರು ಕುಡಿದು ಕೂತರಂತೆ. ಪಂಚೆ ಸಡಿಲವಾಯಿತೇ ಹೊರತು ಕಾಲು ಕದಲಲಿಲ್ಲ. ಉಗ್ರಾಣದ ಬೀಗದ ಕೈ ಸೊಂಟದಲ್ಲಿ ಇದ್ದವರನ್ನು ನೆಲ ಬಿಟ್ಟುಕೊಡುವುದಿಲ್ಲ.

ಅಜ್ಜನ ಕಾಲದವರು ಎಂಥ ದೊಡ್ಡ ಮನಸ್ಸಿನವರು ಎಂದು ಇವತ್ತಿಗೂ ಕಟ್ಟೆಯ ಮೇಲೆ ಕೂತವರು ಹೊಗಳುತ್ತಾರೆ. ಇರಬಹುದು. ಆಗ ನೆಲ ಬಿಟ್ಟವರನ್ನು ಎದ್ದವರು ಎಂದು ಕರೆಯುತ್ತಿದ್ದರು, ದೇವರಿಗೆ ಹತ್ತಿರವಾದವರು ಎಂದು ನಂಬಿದ್ದರು. ನಮ್ಮಜ್ಜನ ಕೆಲಸವೇನೆಂದರೆ ಎದ್ದವರ ಮುಂದೆ ಗಂಟೆ ಬಾರಿಸಿಕೊಂಡು ಬೀದಿ ಬೀದಿ ನಡೆಯುವುದು. ಜನ ಮನೆಯಿಂದ ಹೊರಗೆ ಬಂದು ಅವರ ಪಾದಕ್ಕೆ ಅರಿಶಿನ ಹಚ್ಚಿ, ಹೂವಿಟ್ಟು, ಹಣೆ ತಾಗಿಸುತ್ತಿದ್ದರು. ಸೊಂಟ ಹಿಡಿದುಕೊಂಡ ಮುದುಕರಿಗೆ ಇದು ಬಲು ಅನುಕೂಲವಾಗಿತ್ತು, ಬಗ್ಗುವ ಕಷ್ಟವಿರಲಿಲ್ಲ, ಪಾದವೇ ಎದುರಿಗೆ ಬರುತ್ತಿತ್ತು. ಎಲ್ಲ ಕೊಡುತ್ತಿದ್ದರು, ಅನ್ನವೊಂದು ಬಿಟ್ಟು. ಅನ್ನ ಕೊಟ್ಟರೆ ಎದ್ದವರು ಕೆಳಗೆ ಇಳಿದುಬಿಡುತ್ತಾರೆ, ಇಳಿದರೆ ಪೂಜೆ ನಿಲ್ಲುತ್ತದೆ, ಅಂಥ ಪಾಪ ಯಾರಿಗೆ ಬೇಕು? ತೀರಾ ಕರುಣೆ ಬಂದವರು ಬಾಳೆಹಣ್ಣಿನ ತುದಿ ಮುರಿದು ಕೊಡುತ್ತಿದ್ದರಂತೆ. ಉಳಿದ ಹಣ್ಣು ನಮ್ಮಜ್ಜನ ಚೀಲಕ್ಕೆ.

ಅಪ್ಪನ ಕಾಲಕ್ಕೆ ಜನ ನಾಲ್ಕಕ್ಷರ ಓದಿಕೊಂಡರು. ಓದಿದ ಮೇಲೆ ಅವರಿಗೆ ಹೊಳೆದದ್ದು ಇಷ್ಟು: ಕಾಲು ನೆಲಕ್ಕೆ ಊರದವನು ದುಡಿಯುವುದು ಹೇಗೆ, ದುಡಿಯಲು ಇಷ್ಟವಿಲ್ಲದ್ದಕ್ಕೇ ಇವರು ಮೇಲೆ ಹೋಗಿ ಕೂತಿದ್ದಾರೆ. ಒಂದೇ ಮಳೆಗಾಲದಲ್ಲಿ ಎದ್ದವರೆಲ್ಲ ಸೋಮಾರಿಗಳಾದರು. ಊರ ಹೊರಗೆ ಕಲ್ಲುಮನೆ ಕಟ್ಟಿಸಿದರು. ಬೀದಿಯಲ್ಲಿ ಯಾರಾದರೂ ನೆಲ ಬಿಟ್ಟು ಕಂಡರೆ ಹಿಡಿದು ತಂದು, ಎರಡೂ ಕಾಲಿಗೆ ಗುಂಡುಕಲ್ಲು ಕಟ್ಟಿ, ಒಂದು ಮೂಲೆಯ ಜಲ್ಲಿಯನ್ನು ಇನ್ನೊಂದು ಮೂಲೆಗೆ ಹೊರಿಸುತ್ತಿದ್ದರು. ಮಾರನೆಯ ದಿನ ಅದೇ ಜಲ್ಲಿ ಮೊದಲಿನ ಮೂಲೆಗೆ. ಕಾಲಿನ ದಪ್ಪ ನೋಡಿ ಕಲ್ಲು ಆರಿಸುವ ಕೆಲಸ ನಮ್ಮಪ್ಪನದು. ತನ್ನ ಕೈಕೆಳಗೆ ಇದ್ದವರಲ್ಲಿ ಒಬ್ಬರೂ ಹಾರಿಹೋಗಲಿಲ್ಲ ಎಂಬುದು ಅವನ ಹೆಮ್ಮೆ. ಕಲ್ಲಿನ ಸಮೇತ ಮಣ್ಣಿಗೆ ಹೋದವರು ಬೇಕಾದಷ್ಟು ಜನ ಇದ್ದರು, ಅವರ ಮಾತು ಅವನು ಎತ್ತುತ್ತಿರಲಿಲ್ಲ.

ನಾನು ಹೇಳಹೊರಟದ್ದು ದ್ಯಾವಮ್ಮನ ವಿಷಯ. ಅವಳು ಹುಟ್ಟಿದ್ದು ಈ ಕಲ್ಲುಮನೆಯ ಕಾಲದಲ್ಲಿ. ಮಗಳು ಬೀದಿಯಲ್ಲಿ ಸಿಕ್ಕಿಬೀಳಬಾರದೆಂದು ಅವಳ ತಾಯಿ ಹೊಳೆಯ ಕಲ್ಲುಗಳನ್ನು ಆರಿಸಿ ತಂದು ಲಂಗದ ಅಂಚಿನೊಳಗೆ ಇಟ್ಟು ಹೊಲಿದಳು. ಲಂಗ ಹೋಗಿ ಸೀರೆ ಬಂದರೂ ಕಲ್ಲು ಹೋಗಲಿಲ್ಲ. ಅರವತ್ತು ದಾಟಿದ ಮೇಲೂ ದ್ಯಾವಮ್ಮ ಒಳಲಂಗದ ಅಂಚಿನಲ್ಲಿ ಹನ್ನೆರಡು ಕಲ್ಲು ಹೊತ್ತೇ ಓಡಾಡುತ್ತಿದ್ದಳು. ನಾಲ್ಕು ಮನೆಯ ಪಾತ್ರೆ ತೊಳೆದು, ಅಂಗಳ ಸಾರಿಸಿ, ಕೊಟ್ಟದ್ದರಲ್ಲಿ ಅರ್ಧ ಉಂಡು ಅರ್ಧ ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದಳು. ಆ ಮನೆಗಳವರು ಅವಳನ್ನು ಕಂಡು ಎಂಥ ಗಟ್ಟಿ ಹೆಂಗಸು, ನೆಲಕ್ಕೆ ಕಾಲೂರಿ ಹೇಗೆ ನಡೆಯುತ್ತಾಳೆ ಎಂದು ಮೆಚ್ಚಿಕೊಳ್ಳುತ್ತಿದ್ದರು.

ಅವಳ ಗಂಡ ಸಣ್ಣೀರಯ್ಯ ಸುಣ್ಣ ಬಳಿಯುವವನು. ಒಂದು ಕಾಲದಲ್ಲಿ ಅವನಿಗೆ ಬಲು ಬೇಡಿಕೆ ಇತ್ತು. ಎತ್ತರದ ಗೋಡೆ ಇದ್ದವರು ಅವನನ್ನು ಕರೆಸಿ ಹತ್ತು ಹನ್ನೆರಡು ದಿನ ಸುಮ್ಮನೆ ಕೂರಿಸುತ್ತಿದ್ದರು. ಹೊಟ್ಟೆ ಖಾಲಿಯಾಗಿ ಮೇಲೆದ್ದ ಮೇಲೆ ಏಣಿಯ ಖರ್ಚಿಲ್ಲದೆ ಸೂರಿನ ತನಕ ಸುಣ್ಣ ಬಳಿಸಿಕೊಂಡು, ಆಮೇಲೆ ಊಟ ಹಾಕಿ ಇಳಿಸುತ್ತಿದ್ದರು. ಊಟ ಮೊದಲೇ ಹಾಕುವ ಪೆದ್ದರು ಊರಿನಲ್ಲಿ ಯಾರೂ ಇರಲಿಲ್ಲ. ಹಾಗೆ ನಲವತ್ತು ವರ್ಷ ಸುಣ್ಣದ ಧೂಳು ನುಂಗಿ ಅವನ ಎದೆ ಕೆಟ್ಟಿತು. ಕೊನೆಗೆ ನಾಲ್ಕು ಚಮಚೆ ಗಂಜಿಗಿಂತ ಹೆಚ್ಚು ಒಳಗೆ ಇಳಿಯದಂತಾಯಿತು. ನಾಲ್ಕು ಚಮಚೆ ಗಂಜಿ ಯಾರನ್ನು ತಾನೆ ಕೆಳಗೆ ಹಿಡಿದಿಡುತ್ತದೆ? ಅವನು ಹಾಸಿಗೆ ಬಿಟ್ಟು ಎದ್ದವನು ತಗಡಿನ ಸೂರಿಗೆ ಬೆನ್ನು ತಾಗಿಸಿ ಮಲಗಿದ, ಅಲ್ಲೇ ಉಳಿದ.

ಒಂದು ವರ್ಷ ಹಾಗೇ ಕಳೆಯಿತು. ದ್ಯಾವಮ್ಮ ತಗಡಿಗೆ ಗೋಣಿತಾಟು ಹೊಲಿದು ಅವನ ಬೆನ್ನಿಗೆ ಮೆತ್ತಗೆ ಮಾಡಿದಳು. ಬಿಸಿಲೇರಿದಾಗ ಹೊರಗಿನಿಂದ ತಗಡಿನ ಮೇಲೆ ನೀರು ಎರಚುತ್ತಿದ್ದಳು. ಕರಟದ ಸೌಟನ್ನು ಕೋಲಿಗೆ ಕಟ್ಟಿ ಗಂಜಿ ಮೇಲೆತ್ತಿ ಬಾಯಿಗೆ ಹಿಡಿಯುತ್ತಿದ್ದಳು. ಅರ್ಧ ಅವನ ಬಾಯಿಗೆ, ಅರ್ಧ ಅವಳ ತಲೆಗೆ. ಅವನು ಮೇಲಿನಿಂದಲೇ ಅವಳ ಬೈತಲೆಗೆ ಬೆರಳಾಡಿಸುತ್ತಾ ಏನೇನೋ ಹರಟುತ್ತಿದ್ದ, ಅವಳು ಕೆಳಗಿನಿಂದ ಬೈಯುತ್ತಿದ್ದಳು. ಗಂಡ ಹೆಂಡಿರ ಸಂಸಾರ ಚೆನ್ನಾಗಿಯೇ ಇತ್ತು. ಅದೆಲ್ಲವೂ ನಿಂತಿದ್ದು ಆ ಎಂಟು ತಗಡಿನ ಮೇಲೆ. ಸೂರು ಇದ್ದರೆ ಅವನು ಇದ್ದ. ಸೂರು ಹೋದರೆ ಅವನು ಹೋದ.

ಈಗ ನನ್ನ ಕಾಲಕ್ಕೆ ಬರುತ್ತೇನೆ. ನಾವು ಅಜ್ಜನಷ್ಟು ಮೂಢರಲ್ಲ, ಅಪ್ಪನಷ್ಟು ಕ್ರೂರಿಗಳೂ ಅಲ್ಲ. ನಮ್ಮದು ಅಳತೆಯ ಕಾಲ. ಕಲ್ಲುಮನೆಗೆ ಬಣ್ಣ ಬಳಿದು ಅಳತೆ ಇಲಾಖೆ ಮಾಡಿದರು. ಸೋಮಾರಿ ಎಂಬ ಮಾತನ್ನು ಯಾರೂ ಆಡಬಾರದೆಂದು ಬೋರ್ಡು ಹಾಕಿದರು, ಫಲಾನುಭವಿ ಎನ್ನಬೇಕು. ಎಷ್ಟು ಎತ್ತರದಿಂದ ಬಡತನ ಶುರುವಾಗುತ್ತದೆ ಎಂದು ತೀರ್ಮಾನಿಸಲು ರಾಜಧಾನಿಯಿಂದ ತಜ್ಞರು ಬಂದು ಹದಿನಾಲ್ಕು ತಿಂಗಳು ಕೂತರು. ಒಬ್ಬರು ಎರಡು ಬೆರಳು ಸಾಕು ಎಂದರು, ಮೊಳಕ್ಕಿಂತ ಕಡಿಮೆ ಇದ್ದರೆ ಅದು ಬರೀ ಹಗುರ ಎಂದರು ಇನ್ನೊಬ್ಬರು. ಕಡೆಗೆ ಒಂದು ಗೇಣು ಎಂದು ರಾಜಿಯಾಯಿತು. ಯಾರ ಗೇಣು ಎಂದು ಮತ್ತೆ ಜಗಳ. ಇದ್ದವರಲ್ಲಿ ಎಲ್ಲರಿಗಿಂತ ಉದ್ದ ಬೆರಳಿನ ತಜ್ಞರ ಗೇಣನ್ನು ತೆಗೆದುಕೊಂಡು ಬೀಟೆ ಮರದಲ್ಲಿ ಒಂದು ಕೋಲು ಮಾಡಿಸಿ ನನ್ನ ಕೈಗಿತ್ತರು. ಕೋಲನ್ನು ನೆಟ್ಟಗೆ ನಿಲ್ಲಿಸಿ ಅಂಗಾಲಿನ ಕೆಳಗೆ ತೂರಿಸುವುದು ನನ್ನ ಕೆಲಸ. ಅಂಗಾಲಿಗೆ ತಾಗದೆ ಹೋದರೆ ಬಡವ, ದಿನಕ್ಕೆ ಒಂದು ಪಾವು ಅಕ್ಕಿ, ಇರುವ ಗುಡಿಸಲಿಗೆ ಹಕ್ಕುಪತ್ರ. ತಾಗಿದರೆ ಇನ್ನೂ ಬಡವನಾಗಿಲ್ಲ. ಅಂಥವರಿಗೆ ನಾನು, ನಾಲ್ಕು ದಿನ ಬಿಟ್ಟುಕೊಂಡು ಬನ್ನಿ, ಆಗುತ್ತದೆ ಎಂದು ಧೈರ್ಯ ಹೇಳುತ್ತಿದ್ದೆ. ಒಳ್ಳೆಯ ಮಾತಿನಲ್ಲೇ ಹೇಳುತ್ತಿದ್ದೆ, ಅದರಲ್ಲಿ ಸುಳ್ಳಿಲ್ಲ.

ದ್ಯಾವಮ್ಮ ನನ್ನ ಮೇಜಿನ ಮುಂದೆ ಬಂದದ್ದು ಹಕ್ಕುಪತ್ರಕ್ಕೆ. ಅವರ ಗುಡಿಸಲಿದ್ದ ಓಣಿ ಪುರಸಭೆಯ ಜಾಗ. ಪತ್ರವಿಲ್ಲದ ಮನೆಗಳನ್ನು ಕೆಡವುತ್ತೇವೆ ಎಂದು ಡಂಗುರ ಹೊಡೆಸಿದ್ದರು. ನಾನು ಅವಳ ಅಂಗಾಲಿಗೆ ಕೋಲು ತೂರಿಸಲು ನೋಡಿದೆ, ಜಾಗವೇ ಇರಲಿಲ್ಲ. ಅವಳು ಆಚೆ ಈಚೆ ನೋಡಿ, ಗೋಡೆಯ ಕಡೆ ತಿರುಗಿ, ಒಳಲಂಗವನ್ನು ಕಳಚಿ ನೆಲಕ್ಕೆ ಬಿಟ್ಟಳು. ಹನ್ನೆರಡು ಕಲ್ಲೂ ಟಕಟಕ ಎಂದವು. ಸೀರೆಯಲ್ಲಿದ್ದ ಮುದುಕಿ ಮೆಲ್ಲಗೆ ನಾಲ್ಕು ಬೆರಳು ಮೇಲಕ್ಕೆದ್ದು ನಿಂತಳು. ಅರವತ್ತು ವರ್ಷ ಮುಚ್ಚಿಟ್ಟದ್ದನ್ನು ತೋರಿಸಬೇಕಾಯಿತಲ್ಲ ಎಂದು ಅವಳ ಮುಖ ಕೆಂಪಾಗಿತ್ತು. ನಾಲ್ಕು ಬೆರಳು ಸಾಲದು ಎಂದು ನಾನು ಹೇಳಿದೆ.

ಹಾಗಾದರೆ ಗಂಡನ ಹೆಸರಿಗೆ ಮಾಡಿಕೊಡಿ ಎಂದಳು. ನಾನು ಓಣಿಗೆ ಹೋಗಿ ನೋಡಿ ಬಂದು ನಮ್ಮ ಇಲಾಖೆಯ ಸಾಹೇಬರ ಮುಂದೆ ವಿಷಯ ಇಟ್ಟೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ಆತ ತಗಡಿಗೆ ತಾಗಿದ್ದಾನಲ್ಲವೇ, ಹಾಗಾದರೆ ನೀನು ಅಳೆದದ್ದು ಸೂರಿನ ಎತ್ತರ, ಮನುಷ್ಯನದಲ್ಲ ಎಂದರು. ಬಯಲಿಗೆ ತಂದು ಅಳೆಯಬೇಕು. ಬಯಲಿಗೆ ತಂದರೆ ಹೋಗಿಬಿಡುತ್ತಾನೆ, ಹಗ್ಗ ಕಟ್ಟಬಹುದೇ ಎಂದು ಕೇಳಿದೆ. ಹಗ್ಗ ಕಟ್ಟಿ ಯಾರಾದರೂ ಹಿಡಿದುಕೊಂಡರೆ ಅಳತೆ ಕೆಡುತ್ತದೆ, ನಿಯಮದಲ್ಲಿ ಸ್ಪಷ್ಟವಾಗಿ ಇದೆ ಎಂದರು. ನಿಯಮ ತೆರೆದು ತೋರಿಸಿದರು, ಹೌದು, ಇತ್ತು. ನಾನು ಬಂದು ಇದನ್ನೆಲ್ಲ ದ್ಯಾವಮ್ಮನಿಗೆ ಬಿಡಿಸಿ ಹೇಳಿದೆ. ಅವಳು ಕಡೆಯ ತನಕ ಕೇಳಿಸಿಕೊಂಡಳು.

"ನಾನೇ ಗೇಣು ಏಳ್ತೀನಿ ಬುಡಿ ಸ್ವಾಮಿ," ಅಂದಳು. "ಎಷ್ಟು ದಿನ ಬೇಕು?"

ದೊಡ್ಡ ಅಳತೆಗೆ ಇನ್ನು ಎಂಟು ದಿನ ಇತ್ತು. ರಾಜಧಾನಿಯ ಮಹನೀಯರೊಬ್ಬರ ಸಮ್ಮುಖದಲ್ಲಿ ಊರಿನ ಬಡವರನ್ನೆಲ್ಲ ಮೈದಾನಕ್ಕೆ ಕರೆಸಿ ಒಂದೇ ಸಲ ಅಳೆಯುವ ಸಮಾರಂಭ ಅದು. ಎಂಟು ದಿನ ಸಾಕು ಎಂದೆ. ದ್ಯಾವಮ್ಮ ಅಂದಿನಿಂದ ಕೆಲಸದ ಮನೆಯ ಊಟವನ್ನು ಮುಟ್ಟಲಿಲ್ಲ. ಅಷ್ಟನ್ನೂ ಗಂಡನಿಗೆ ಅರೆದು ಕುಡಿಸಲು ನೋಡಿದಳು, ಅವನಿಗೆ ಇಳಿಯಲಿಲ್ಲ, ಪಕ್ಕದ ಮನೆಯ ಕೋಳಿಗಳಿಗೆ ಸುಗ್ಗಿಯಾಯಿತು. ಅವಳು ಮಾತ್ರ ನೀರು ಕುಡಿದು, ಕಲ್ಲಿನ ಲಂಗ ಉಟ್ಟು, ಪಾತ್ರೆ ತೊಳೆಯುತ್ತಲೇ ಇದ್ದಳು. ಆರನೆಯ ದಿನ ನಾನು ಆ ಓಣಿಯಲ್ಲಿ ಹಾದಾಗ ಬಾಗಿಲಲ್ಲಿ ನಿಂತು ಲಂಗ ಕಳಚಿ, ಎಷ್ಟಾಯಿತು ನೋಡಿ ಎಂದು ಕೇಳಿದಳು. ಗೇಣಿಗೆ ಇನ್ನೊಂದೂವರೆ ಬೆರಳು ಬಾಕಿ ಇತ್ತು. ಪರವಾಗಿಲ್ಲ, ದಾಟುತ್ತೀಯ ಎಂದೆ. ನನಗೂ ಒಳಗೊಳಗೇ ಖುಷಿಯಾಗಿತ್ತು. ಪರೀಕ್ಷೆಗೆ ಕಟ್ಟಿದ ಮಗು ಚೆನ್ನಾಗಿ ಓದುತ್ತಿರುವುದನ್ನು ಕಂಡ ಮೇಷ್ಟರಿಗೆ ಆಗುವಂಥ ಖುಷಿ ಅದು.

ಅಳತೆಯ ದಿನ ಬೆಳಿಗ್ಗೆ ಮೈದಾನದಲ್ಲಿ ನಾನೂರ ಹನ್ನೆರಡು ಜನ ಸೇರಿದ್ದರು. ಕಂಬ ನೆಟ್ಟು ಅಡ್ಡಹಗ್ಗ ಎಳೆದಿದ್ದೆವು, ಎಲ್ಲರೂ ಅದನ್ನು ಹಿಡಿದುಕೊಂಡು ಗಾಳಿಗೆ ಆಚೀಚೆ ತೂಗುತ್ತಿದ್ದರು. ಅಳತೆಗೆ ಮೊದಲು ಹಗ್ಗ ಬಿಡಬೇಕು, ಅದು ಬೇರೆ ಮಾತು. ಅಷ್ಟು ವರ್ಷದಲ್ಲಿ ನಾನು ಅಂಥ ಫಲವತ್ತಾದ ಜಾಗ ನೋಡಿರಲಿಲ್ಲ, ಯಾರ ಕಾಲಡಿಗೆ ಬೇಕಾದರೂ ಕೋಲು ಸಲೀಸಾಗಿ ಹೋಗುತ್ತಿತ್ತು. ದ್ಯಾವಮ್ಮ ಗೇಣಿನ ಮೇಲೆ ಎರಡು ಬೆರಳು ಇದ್ದಳು. ಹತ್ತು ಗಂಟೆಗೆ ಬರಬೇಕಾದ ಮಹನೀಯರು ಹನ್ನೆರಡಾದರೂ ಬರಲಿಲ್ಲ. ಬಿಸಿಲು ಏರಿತು. ಇಬ್ಬರು ತಲೆಸುತ್ತಿ ಹಗ್ಗಕ್ಕೆ ಬಟ್ಟೆಯ ಹಾಗೆ ಜೋತುಬಿದ್ದರು.

ಆಗ ನಮ್ಮ ವರ್ತಕರ ಸಂಘದವರಿಗೆ ಕರುಳು ಚುರ್ ಎಂದಿತು. ಮಹನೀಯರ ಕಣ್ಣೆದುರಿಗೆ ಬಡವರು ಮೂರ್ಛೆ ಬಿದ್ದರೆ ಊರಿನ ಮಾನ ಏನಾಗಬೇಕು? ಬಡವರಿಗಾಗಿಯೇ ಸಿದ್ಧಮಾಡಿದ್ದ ಅಡುಗೆಯನ್ನು ಅಳತೆ ಮುಗಿದ ಮೇಲೆ ಬಡಿಸುವ ಬದಲು ಈಗಲೇ ಬಡಿಸಿಬಿಡೋಣ ಎಂದರು. ಸಾಹೇಬರು ಒಳ್ಳೆಯ ವಿಚಾರ ಎಂದರು. ನಾನು ಕೋಲು ಹಿಡಿದು ಅಲ್ಲೇ ನಿಂತಿದ್ದೆ. ಉಂಡರೆ ಇಳಿಯುತ್ತಾರೆ ಎಂಬುದು ಊರಿನ ಹಸುಗೂಸಿಗೂ ಗೊತ್ತು, ಸಾಹೇಬರಿಗೆ ಗೊತ್ತು, ವರ್ತಕರಿಗೆ ಗೊತ್ತು. ಆದರೆ ಅಂಥ ಸಂದರ್ಭದಲ್ಲಿ ಅಂಥ ಮಾತನ್ನು ಎತ್ತುವುದು ಯಾರ ಕೆಲಸ ಎಂದು ಗೊತ್ತಿರಲಿಲ್ಲ. ನನ್ನ ಕೆಲಸವಂತೂ ಅಳೆಯುವುದು.

ಹುಳಿ, ಕೋಸಂಬರಿ, ಚಿತ್ರಾನ್ನ, ಗಸಗಸೆ ಪಾಯಸ. ಎಲೆಯ ಮುಂದೆ ಬಡವರು ಮುಖ ಮುಖ ನೋಡಿಕೊಂಡರು. ಎಷ್ಟೋ ಜನ ಎಂಟು ಹತ್ತು ದಿನ ಹೊಟ್ಟೆ ಕಟ್ಟಿ ಬಂದವರೇ. ಈಗ ಬೇಡ, ಅಳತೆ ಆಗಲಿ ಎಂದು ಕೈಮುಗಿದರು. ಎಷ್ಟು ಸಂಕೋಚ ನೋಡಿ, ಬಡವರಿಗೆ ಸ್ವಾಭಿಮಾನ ಜಾಸ್ತಿ ಎಂದು ಬಡಿಸುವವರು ಕಣ್ಣೊರೆಸಿಕೊಂಡರು, ಇನ್ನೂ ಒಂದು ಸೌಟು ಹೆಚ್ಚು ಹಾಕಿದರು. ದ್ಯಾವಮ್ಮ ಹಲ್ಲು ಕಚ್ಚಿಕೊಂಡು ಹಗ್ಗ ಹಿಡಿದೇ ನಿಂತಿದ್ದಳು. ಸಂಘದ ಅಧ್ಯಕ್ಷರ ಹೆಂಡತಿ, ದೊಡ್ಡ ಕುಂಕುಮದ ಹೆಂಗಸು, ಅವಳ ಹತ್ತಿರ ಬಂದು, ನೀವು ನಮ್ಮ ತಾಯಿಯ ಹಾಗೇ ಇದ್ದೀರಿ ಎಂದು ಗದ್ಗದವಾಗಿ ಒಂದು ಚಮಚೆ ಪಾಯಸವನ್ನು ಸ್ವತಃ ಬಾಯಿಗೆ ಇಟ್ಟಳು. ಫೋಟೋದವರು ಇನ್ನೊಮ್ಮೆ ಇಡಿ ಎಂದರು. ಇನ್ನೊಮ್ಮೆ ಇಟ್ಟಳು. ಎಂಟು ದಿನ ಹೇಳಿದ ಮಾತು ಕೇಳಿಕೊಂಡಿದ್ದ ಹೊಟ್ಟೆ ಅಲ್ಲಿಂದ ಮುಂದೆ ಯಾರ ಮಾತನ್ನೂ ಕೇಳಲಿಲ್ಲ. ದ್ಯಾವಮ್ಮ ಎಲೆಯ ಮುಂದೆ ಕೂತು ಅಳುತ್ತಾ ಉಂಡಳು. ಎರಡು ಸಲ ಚಿತ್ರಾನ್ನ ಹಾಕಿಸಿಕೊಂಡಳು.

ಮಹನೀಯರು ಎರಡೂವರೆಗೆ ಬಂದರು. ನಾನು ಕೋಲು ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ಹೋದೆ. ನಾನೂರ ಹನ್ನೆರಡು ಜೊತೆ ಪಾದಗಳು ಹುಲ್ಲಿನ ಮೇಲೆ ಭದ್ರವಾಗಿ ಊರಿದ್ದವು. ನಾನೂರ ಹನ್ನೆರಡು ಸಲ ಸೊನ್ನೆ ಎಂದು ಕೂಗಿದೆ. ಮೊದಮೊದಲು ದನಿ ಸಣ್ಣದಾಗಿತ್ತು, ನೂರು ದಾಟಿದ ಮೇಲೆ ಸರಾಗವಾಯಿತು. ದ್ಯಾವಮ್ಮನ ಮುಂದೆ ಬಂದಾಗ ಅವಳು ಮೆಲ್ಲನೆ, "ಮೂರು ದಿನ ಬುಟ್ಟು ಅಳೀರಿ ಸ್ವಾಮಿ, ನಿಮ್ಮ ದಮ್ಮಯ್ಯ," ಅಂದಳು. ಸಾಹೇಬರು ಪಕ್ಕದಲ್ಲೇ ಇದ್ದರು. ನಾನು ಸೊನ್ನೆ ಎಂದು ಕೂಗಿ ಮುಂದೆ ಹೋದೆ.

ಮಹನೀಯರಿಗೆ ಕಣ್ಣಲ್ಲಿ ನೀರು ಬಂತು. ಇಡೀ ನಾಡಿನಲ್ಲಿ ಬಡತನವೇ ಇಲ್ಲದ ಮೊದಲ ಊರು ಇದು ಎಂದು ಅಲ್ಲೇ ಘೋಷಿಸಿದರು. ಸಾಹೇಬರಿಗೆ ಶಾಲು, ವರ್ತಕರಿಗೆ ಫಲಕ, ನನಗೆ ಹಾರ. ಹಾರ ಹಾಕಿಕೊಂಡು ಮನೆಗೆ ಹೋದೆ. ನನ್ನ ಹೆಂಡತಿ ಅದನ್ನು ತೆಗೆದು ಮೊಳೆಗೆ ಹಾಕಿ, ನಾನೂರು ಜನಕ್ಕೂ ಒಂದೇ ಹೊತ್ತಿನಲ್ಲಿ ಬಡತನ ಹೋಯಿತೇ ಎಂದು ಕೇಳಿದಳು. ಅಳತೆಯಲ್ಲಿ ಹಾಗೆ ಬಂದಿದೆ ಎಂದೆ.

ಬಡವರೇ ಇಲ್ಲವೆಂದ ಮೇಲೆ ಬಡವರ ಓಣಿ ಏಕಿರಬೇಕು? ಮೂರನೆಯ ದಿನ ಬೆಳಿಗ್ಗೆ ಪುರಸಭೆಯವರು ಹಾರೆ ಗುದ್ದಲಿ ಸಮೇತ ಬಂದರು. ಕೆಡವುವಾಗ ಯಾರ ಕಾಲೂ ನೆಲ ಬಿಟ್ಟಿರಲಿಲ್ಲ ಎಂದು ಬರೆದುಕೊಡಲು ನನ್ನನ್ನೂ ಕಳಿಸಿದ್ದರು. ಸಾಹೇಬರು ಓಣಿಯ ಬಾಯಲ್ಲಿ ಜೀಪಿನೊಳಗೆ ಕೂತು ಎಳನೀರು ಕುಡಿಯುತ್ತಿದ್ದರು. ಊರಿನ ಜನ ನೋಡಲು ಸೇರಿದ್ದರು.

ದ್ಯಾವಮ್ಮ ಹಿಂದಿನ ದಿನವೇ ಇದ್ದ ಎರಡು ಹಳೆಯ ಸೀರೆಗಳನ್ನು ಹುರಿಮಾಡಿ ಹಗ್ಗ ಹೊಸೆದಿದ್ದಳು. ಅದರ ಒಂದು ತುದಿ ಗಂಡನ ಎದೆಗೆ. ಇನ್ನೊಂದು ಕಡೆಯನ್ನು ತನ್ನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದ್ದಳು, ಗಂಟಿನಾಚೆಗೆ ಎರಡು ಮಾರು ಮಿಕ್ಕಿ ನೆಲದ ಮೇಲೆ ಬಿದ್ದಿತ್ತು. ತಾನು ಗಟ್ಟಿಯಾಗಿ ನಿಂತರೆ ಅವನನ್ನು ಹಿಡಿಯಬಹುದು ಎಂಬುದು ಅವಳ ಲೆಕ್ಕಾಚಾರ. ಆದರೆ ಸಮಾರಂಭದ ಊಟ ಮೈಬಿಟ್ಟು ಅವಳೇ ಮತ್ತೆ ಹಗುರವಾಗಿದ್ದಳು. ಹನ್ನೆರಡು ಕಲ್ಲಿನ ಜೊತೆಗೆ ಒರಳಿನ ಗುಂಡನ್ನೂ ಕಂಕುಳಲ್ಲಿ ಅವಚಿಕೊಂಡಿದ್ದಳು. ಕೆಡವಲು ಬಂದವರಲ್ಲಿ ಒಬ್ಬ ಒಳ್ಳೆಯವನು ಇದ್ದ, ಮುದುಕಿಗೆ ಏಕೆ ಭಾರ ಎಂದು ಗುಂಡನ್ನು ಇಸಿದುಕೊಂಡು ದೂರ ಇಟ್ಟ.

ತಗಡು ಒಂದೊಂದಾಗಿ ಬಿಚ್ಚಿತು. ಐದನೆಯದು ಎಳೆದಾಗ ಸಣ್ಣೀರಯ್ಯ ಹೊರಗೆ ಬಂದ. ಒಂದು ವರ್ಷದ ಮೇಲೆ ಬಿಸಿಲು ಕಂಡವನು ಕಣ್ಣಿಗೆ ಕೈ ಅಡ್ಡ ಹಿಡಿದ. ಹಗ್ಗ ಬಿಗಿಯಿತು. ದ್ಯಾವಮ್ಮನ ಹಿಮ್ಮಡಿ ಎದ್ದಿತು, ಆಮೇಲೆ ಉಂಗುಟ. ಹಳೆಯ ಲಂಗದ ಅಂಚು ಒಂದು ಕಡೆ ಪರ್ರನೆ ಹರಿಯಿತು, ಕಲ್ಲುಗಳು ಒಂದರ ಹಿಂದೆ ಒಂದು ಉದುರಿದವು.

ಜನ ಬಾಯಿಬಿಟ್ಟು ನೋಡಿದರು. ಒಬ್ಬಳು ಹಣ್ಣು ಹಣ್ಣು ಮುದುಕಿ ಅಯ್ಯೋ ಎದ್ದರಲ್ಲಪ್ಪ ಎಂದು ನೆಲಕ್ಕೆ ಹಣೆ ಹಚ್ಚಿ, ಮನೆಯಿಂದ ಅರಿಶಿನ ತರಲು ಯಾರನ್ನೋ ಕಳಿಸಿದಳು. ಕೆಡವುವ ಕೆಲಸ ಹಿಡಿದಿದ್ದ ಗುತ್ತಿಗೆದಾರನಿಗೆ ಸಿಟ್ಟು ಬಂದಿತ್ತು, ಕೆಲಸ ಮಾಡಲು ಹೇಳಿದರೆ ಇವರ ಆಟ ಹೀಗೆ, ಹಿಂದೆ ಕಲ್ಲು ಕಟ್ಟುತ್ತಿದ್ದದ್ದೇ ಸರಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಓದುವ ಹುಡುಗಿಯರಿಬ್ಬರು ಫೋನು ಮೇಲೆ ಹಿಡಿದು ಎಷ್ಟು ಎತ್ತರ ಸಾರ್ ಎಂದು ನನ್ನನ್ನು ಕೇಳಿದರು.

ದ್ಯಾವಮ್ಮ ಮೇಲೇರುತ್ತಲೇ ನನ್ನನ್ನೇ ನೋಡುತ್ತಿದ್ದಳು. ಮಿಕ್ಕಿದ್ದ ಹಗ್ಗದ ತುದಿ ನನ್ನ ಮೂಗಿನ ಮುಂದೆ ತೂಗುತ್ತಿತ್ತು.

"ಮಗಾ, ಈ ತುದೀನ ಒಸಿ ಹಿಡ್ಕೊ," ಅಂದಳು. ಅಲ್ಲಿಯವರೆಗೆ ನನ್ನನ್ನು ಅವಳು ಸ್ವಾಮಿ ಎಂದೇ ಕರೆದಿದ್ದಳು.

ನಾನು ಕಲ್ಲೆದೆಯವನಲ್ಲ. ಕೈ ಮುಂದೆ ಹೋಯಿತು. ಅಷ್ಟರಲ್ಲಿ ಅವಳ ಅಂಗಾಲು ಕಣ್ಣಿಗೆ ಬಿತ್ತು. ಗೇಣು ದಾಟಿತ್ತು, ಚೆನ್ನಾಗಿಯೇ ದಾಟಿತ್ತು. ಮೇಲೆ ನೋಡಿದೆ. ಸಣ್ಣೀರಯ್ಯನೂ ಬಯಲಿನಲ್ಲಿದ್ದಾನೆ, ಬೆನ್ನಿಗೆ ಸೂರು ಇಲ್ಲ, ಈಗ ಇರುವ ಎತ್ತರ ಪೂರ್ತಿ ಅವನದೇ. ಒಬ್ಬರಲ್ಲ, ಇಬ್ಬರೂ ಅರ್ಹರು. ಯಾರೂ ಇನ್ನೂ ಹಗ್ಗ ಹಿಡಿದಿಲ್ಲ. ಇಷ್ಟು ದಿನ ಆಗದೆ ಇದ್ದದ್ದು ಆ ಒಂದು ಗಳಿಗೆಯಲ್ಲಿ ಕೂಡಿ ಬಂದಿತ್ತು, ನಾನು ಕೈ ಹಾಕಿದರೆ ಎಲ್ಲ ಹಾಳು. ನನ್ನ ಎದೆ ಸಂತೋಷದಿಂದ ಹೊಡೆದುಕೊಂಡಿತು, ದೇವರಾಣೆ.

"ತಡಿ ದ್ಯಾವಮ್ಮ, ಹಿಡಿದ್ರೆ ಅಳತೆ ಕೆಡುತ್ತೆ," ಎಂದು ಹೇಳಿ, ಯಾರೂ ಹಗ್ಗ ಮುಟ್ಟಬೇಡಿ ಎಂದು ಸುತ್ತಲಿನವರಿಗೂ ತಾಕೀತು ಮಾಡಿ, ಜೀಪಿನ ಕಡೆಗೆ ಓಡಿದೆ.

ಸಾಹೇಬರು ಮೊದಲು ಒಪ್ಪಲಿಲ್ಲ. ಊರಿಗೆ ಸೊನ್ನೆ ಎಂದು ಘೋಷಣೆಯಾಗಿದೆ, ಈಗ ಎರಡು ಎಂದರೆ ಹೇಗೆ ಎಂದರು. ಘೋಷಣೆಯ ನಂತರ ಬಡವರಾದವರು ಎಂದು ಬೇರೆ ಹಾಳೆಯಲ್ಲಿ ಬರೆಯಬಹುದಲ್ಲ ಎಂದು ನಾನು ಗೋಗರೆದೆ. ಜೀವನದಲ್ಲಿ ಮೊದಲ ಸಲ ಸಾಹೇಬರಿಗೆ ಎದುರು ಮಾತಾಡಿದ್ದು ಅವತ್ತೇ. ಅವರು ಎಳನೀರು ಮುಗಿಸಿ, ಬುರುಡೆ ಹೊರಗೆ ಎಸೆದು, ಯೋಚಿಸಿ, ಆಯಿತು ಎಂದರು. ಮಗ್ಗುಲಿನ ಚೀಲದಿಂದ ಅರ್ಜಿ ತೆಗೆದರು. ಪೆನ್ನು ಬರೆಯಲಿಲ್ಲ, ಡ್ರೈವರನ ಪೆನ್ನು ಇಸಿದುಕೊಂಡರು. ಇಬ್ಬರ ಹೆಸರು ಬರೆದು, ಮಂಜೂರು ಎಂದು ಬರೆದು, ರುಜು ಮಾಡಿ, ಮೊಹರು ಒತ್ತಿದರು. ಇನ್ನು ಫಲಾನುಭವಿಯ ಹೆಬ್ಬೆಟ್ಟು ಒಂದು ಬಿದ್ದರೆ ಸೂರು ಅವರದೇ ಎಂದರು. ನಾನು ಅರ್ಜಿಯನ್ನೂ ಶಾಯಿಯ ಡಬ್ಬಿಯನ್ನೂ ಹಿಡಿದು ಏದುಸಿರು ಬಿಡುತ್ತಾ ಹಿಂದಕ್ಕೆ ಓಡಿಬಂದೆ.

ಜನ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು, ಒಬ್ಬರೂ ಹಗ್ಗ ಮುಟ್ಟಿರಲಿಲ್ಲ. ಎಲ್ಲರೂ ಕುತ್ತಿಗೆ ಹಿಂದಕ್ಕೆ ಬಾಗಿಸಿ ಮೇಲೆ ನೋಡುತ್ತಿದ್ದರು. ಗಂಡ ಹೆಂಡತಿ ಪುರಸಭೆಯ ನೀರಿನ ಟ್ಯಾಂಕಿಗಿಂತ ಮೇಲೆ ಹೋಗಿದ್ದರು. ಅವಳು ಹಗ್ಗ ಹಿಡಿದು ಹತ್ತಿ ಅವನ ಪಕ್ಕಕ್ಕೆ ಸೇರಿದ್ದಳು, ಅವನ ತಲೆಗೆ ಬಿಸಿಲು ಬೀಳದಂತೆ ಸೆರಗು ಹೊದಿಸುತ್ತಿದ್ದದ್ದು ಇಲ್ಲಿಂದಲೂ ಕಾಣುತ್ತಿತ್ತು. ನಾನು ಕಾಗದವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದೆ. ಮಂಜೂರಾಗಿದೆ ದ್ಯಾವಮ್ಮ, ಕೆಳಗೆ ಬಂದು ಒಂದು ಹೆಬ್ಬೆಟ್ಟು ಒತ್ತಿ ಹೋಗು ಎಂದು ನನ್ನ ಗಂಟಲು ಬಿರಿಯುವ ತನಕ ಕೂಗಿದೆ, ಆಮೇಲೆ ಊರಿನ ಜನರೆಲ್ಲ ನನ್ನ ಜೊತೆ ಸೇರಿ ಕೂಗಿದರು.